ವಾರ್ಡಿನ ಫ್ಲಶ್ ಬಾಟಲಿ: ಒಂದು ಮಳೆಗಾಲದ ಪ್ರಕರಣ

ಇದು ಉತ್ತರ ಕನ್ನಡ ಕರಾವಳಿಯ ಒಂದು ಪಟ್ಟಣದ ಖಾಸಗಿ ಆಸ್ಪತ್ರೆಯಲ್ಲಿ ನಡೆದದ್ದು. ಊರು, ವರ್ಷ, ರೋಗಿಗಳ ಗುರುತು ಎಲ್ಲ ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಯಾವ ಹೊತ್ತಿಗೆ ಯಾರು ಏನು ತೀರ್ಮಾನ ಮಾಡಿದರು ಅನ್ನುವುದನ್ನು ಮುಟ್ಟಿಲ್ಲ. ಸೋಂಕು ನಿಯಂತ್ರಣದ ಕೆಲಸ ನೋಡುವ ನರ್ಸ್ ಆಗಿ ನನ್ನನ್ನು ನಡುವೆ ಕರೆಸಿಕೊಂಡರು. ಅದಕ್ಕೂ ಮೊದಲಿನದು ಚಾರ್ಟುಗಳಿಂದ ಮತ್ತು ವಾರ್ಡಿನವರ ಬಾಯಿಂದ ತಿಳಿದದ್ದು.

ಹಿನ್ನೆಲೆ

ಇಪ್ಪತ್ತು ಹಾಸಿಗೆಯ ಜನರಲ್ ವಾರ್ಡು. ಹಗಲು ಇಬ್ಬರು ಸ್ಟಾಫ್ ನರ್ಸ್. ರಾತ್ರಿ ಒಬ್ಬರೇ, ಜೊತೆಗೊಬ್ಬ ಆಯಾ. ಜುಲೈ ಹೊತ್ತಿಗೆ ವಾರ್ಡು ತುಂಬಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಇದು ಮಾಮೂಲು. ಗದ್ದೆಗಿಳಿದವರಿಗೆ ಇಲಿಜ್ವರ, ಪೇಟೆಯವರಿಗೆ ಡೆಂಗಿ, ವಯಸ್ಸಾದವರಿಗೆ ದಮ್ಮು. ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದವರು ಬೇರೆ. ತೀರಾ ಗಂಭೀರ ಆದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಕಳಿಸಬೇಕು. ಗುಡ್ಡ ಕುಸಿದು ರಸ್ತೆ ಬಂದ್ ಆದರೆ ಅದೂ ಇಲ್ಲ.

ಇಲ್ಲಿ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟಿನ ಮೇಲೆ ಹೋಗುವವರಿಗೆ ದುಡಿಮೆ ಇಲ್ಲದ ಕಾಲ. ವಾರ್ಡಿನಲ್ಲಿ ಅಂಥ ಮನೆಯವರೇ ಜಾಸ್ತಿ ಇದ್ದರು. ಫಾರ್ಮಸಿ ಚೀಟಿ ಕೈಗೆ ಕೊಟ್ಟರೆ, "ಸಿಸ್ಟರ್, ಇದು ಬೇಕೇ ಬೇಕಾ?" ಅಂತ ಕೇಳುತ್ತಿದ್ದರು.

ಔಷಧಿ ಕೊಡಲು ಕೈಯ ನರದೊಳಗೆ ಹಾಕಿಡುವ ಸಣ್ಣ ಕೊಳವೆಯೇ ಕ್ಯಾನುಲಾ. ಅದು ಕಟ್ಟಿಕೊಳ್ಳಬಾರದು ಅಂದರೆ, ಔಷಧಿ ಕೊಡುವ ಮೊದಲು ಮತ್ತು ಕೊಟ್ಟ ಮೇಲೆ ಸ್ವಲ್ಪ ಸಲೈನ್ ಬಿಡಬೇಕು. ಅದೇ ಫ್ಲಶ್. ಅದಕ್ಕೆ 10 ಎಂಎಲ್‌ನ ಪ್ಲಾಸ್ಟಿಕ್ ಆಂಪೂಲ್ ಸಿಗುತ್ತದೆ. ಒಮ್ಮೆ ಒಡೆದು ಒಬ್ಬರಿಗೆ ಬಳಸಿ ಬಿಸಾಡುವಂಥದ್ದು. ಈ ಆಸ್ಪತ್ರೆಯಲ್ಲಿ ಆಂಪೂಲ್ ರೋಗಿಯ ಬಿಲ್ಲಿಗೆ ಬರುತ್ತಿತ್ತು. ವಾರ್ಡ್ ಸ್ಟಾಕಿನ 500 ಎಂಎಲ್ ಸಲೈನ್ ಬಾಟಲಿ ಬಿಲ್ಲಿಗೆ ಬರುತ್ತಿರಲಿಲ್ಲ. ಹಾಗಾಗಿ ನರ್ಸುಗಳು ದಿನಾ ಬೆಳಿಗ್ಗೆ 8ರ ಡ್ಯೂಟಿಗೆ ಒಂದು ಬಾಟಲಿ ತೆಗೆದು ಟ್ರಾಲಿ ಮೇಲೆ ಇಡುತ್ತಿದ್ದರು. ರಬ್ಬರ್ ಮುಚ್ಚಳಕ್ಕೆ ಒಂದು ಸೂಜಿ ಚುಚ್ಚಿಟ್ಟರೆ ಆಯಿತು. ಯಾರಿಗೆ ಫ್ಲಶ್ ಬೇಕೋ ಅವರ ಸಿರಿಂಜ್ ಅದಕ್ಕೆ ಸಿಕ್ಕಿಸಿ ಎಳೆದುಕೊಳ್ಳುವುದು. ಮರುದಿನ ಬೆಳಿಗ್ಗೆ ಹೊಸ ಬಾಟಲಿ.

ಈ ಪದ್ಧತಿಯನ್ನು ಸೋಮಾರಿತನ ಅಂತ ತಳ್ಳಿಹಾಕಿದರೆ ಮುಂದಿನದು ಯಾವುದೂ ಅರ್ಥ ಆಗುವುದಿಲ್ಲ. ಬಡವರ ಬಿಲ್ಲು ಕಡಿಮೆ ಆಗಲಿ ಅನ್ನುವ ಕಾಳಜಿಯಿಂದ ಹುಟ್ಟಿದ್ದು ಇದು.

ನಡುಕ

ಮೊದಲು ನಡುಕ ಬಂದದ್ದು ಇಲಿಜ್ವರದ ಅನುಮಾನದಲ್ಲಿ ಸೇರಿದ್ದ ಒಬ್ಬ ಹೆಂಗಸಿಗೆ. ರಾತ್ರಿ 10ರ ಇಂಜೆಕ್ಷನ್ ಆಗಿ ಅರ್ಧ ಗಂಟೆಗೆ ಹಲ್ಲು ಕಟಕಟ ಅನ್ನುವಷ್ಟು ಚಳಿ, ಆಮೇಲೆ ಜೋರು ಜ್ವರ. ಇಲಿಜ್ವರ ಅಂದ ಮೇಲೆ ಚಳಿ ಇದ್ದದ್ದೇ ಅಲ್ವಾ? ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಲರ್ಜಿ ತಗ್ಗಿಸುವ ಅವಿಲ್, ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟರು. ಎರಡು ಕಂಬಳಿ ಹೊದಿಸಿದರು. ಬೆಳಗಿನ ಹೊತ್ತಿಗೆ ಇಳಿಯಿತು.

ಎರಡು ದಿನ ಬಿಟ್ಟು ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾಗಿದ್ದವರಿಗೆ ಅದೇ ಥರ. ಹುಣ್ಣಿನ ಕೀವು ರಕ್ತಕ್ಕೆ ಏರಿರಬೇಕು ಅಂದುಕೊಂಡರು. ಅದೂ ನಂಬುವಂಥ ಕಾರಣವೇ. ಆಮೇಲೆ ದಮ್ಮಿನ ಅಜ್ಜನಿಗೆ. ಒಬ್ಬೊಬ್ಬರನ್ನೇ ಬೇರೆ ಬೇರೆ ನೋಡಿದರೆ ಪ್ರತಿಯೊಬ್ಬರ ಚಳಿಗೂ ಅವರ ಕಾಯಿಲೆಯೊಳಗೇ ಉತ್ತರ ಸಿಗುತ್ತಿತ್ತು. ಹೀಗೆ ಒಂದು ವಾರ ಕಳೆಯಿತು.

ಏನೇನು ಮಾಡಿ ನೋಡಿದರು

ಮೂರನೆಯವರಿಗೂ ಬಂದಾಗ ಡಾಕ್ಟರಿಗೆ ಅನುಮಾನ ಶುರುವಾಯಿತು. ಮೊದಲು ಆ್ಯಂಟಿಬಯಾಟಿಕ್ ಮೇಲೆ. ಸೆಫ್ಟ್ರಿಯಾಕ್ಸೋನಿನ ಬೇರೆ ಕಂಪನಿಯದ್ದು ತರಿಸಿದರು. ನಡುಕ ನಿಲ್ಲಲಿಲ್ಲ. ಔಷಧಿ ಮೇಲೆ ಅನುಮಾನ ಬಂದಾಗ ಬ್ಯಾಚ್ ನಂಬರ್ ಬರೆದಿಟ್ಟು, ಖಾಲಿ ವಯಲ್ (ಔಷಧಿಯ ಪುಟ್ಟ ಸೀಸೆ) ತೆಗೆದಿಟ್ಟು, ಔಷಧಿಗಳ ಅಡ್ಡಪರಿಣಾಮದ ಮೇಲೆ ಕಣ್ಣಿಡುವ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ವರದಿ ಮಾಡಬಹುದು. ನರ್ಸುಗಳೂ ಮಾಡಬಹುದು. ಅದರ ಉಚಿತ ಸಹಾಯವಾಣಿ 1800-180-3024. ಇಲ್ಲಿ ಬ್ಯಾಚ್ ನಂಬರನ್ನು ಯಾರೂ ಬರೆದಿರಲಿಲ್ಲ. ಹಳೆಯ ವಯಲ್‌ಗಳು ಕಸಕ್ಕೆ ಹೋಗಿದ್ದವು.

ಎರಡನೆಯ ಅನುಮಾನ ರಾತ್ರಿ ಡ್ಯೂಟಿಯ ನರ್ಸ್ ಮೇಲೆ. ಹಗಲಿನಲ್ಲಿ ಯಾರಿಗೂ ನಡುಕ ಇಲ್ಲ, ಅವಳ ಡ್ಯೂಟಿಯಲ್ಲೇ ಎಲ್ಲ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಹುಡುಗಿ. ಇಂಜೆಕ್ಷನ್ ಸ್ಪೀಡಾಗಿ ತಳ್ಳುತ್ತಾಳೆ, ಕೈ ತೊಳೆಯುವುದಿಲ್ಲ ಅಂತ ಮಾತು ಹಬ್ಬಿತು. ಅವಳನ್ನು ಹಗಲಿಗೆ ಹಾಕಿ, ಹಿರಿಯ ನರ್ಸೊಬ್ಬರನ್ನು ರಾತ್ರಿಗೆ ಹಾಕಿದರು. ಮರುದಿನ ಬೆಳಿಗ್ಗೆಯೇ ಇನ್ನೊಂದು ನಡುಕ.

ನನ್ನ ಲೆಕ್ಕದಲ್ಲಿ ಈ ಡ್ಯೂಟಿ ಬದಲಾವಣೆಯೇ ಮೊದಲ ತಿರುವು. ಮಾಡಿದ ಉದ್ದೇಶ ಏನೇ ಇರಲಿ, ಅದೊಂದು ಪರೀಕ್ಷೆ ಆಗಿಬಿಟ್ಟಿತು. ವ್ಯಕ್ತಿ ಬದಲಾದರೂ ತೊಂದರೆ ಉಳಿಯಿತು. ಅಂದರೆ ತೊಂದರೆ ವ್ಯಕ್ತಿಯಲ್ಲಿ ಇರಲಿಲ್ಲ. ನನ್ನನ್ನು ಕರೆದದ್ದು ಆಗ.

ಚಾರ್ಟಿನಲ್ಲಿದ್ದ ಗಂಟೆ

ವಾರ್ಡಿನ ಜ್ವರದ ಚಾರ್ಟಿನಲ್ಲಿ 6, 10, 2, 6, 10 ಅಂತ ಮನೆಗಳಿರುತ್ತವೆ. ಮಧ್ಯೆ ಬಂದ ಜ್ವರ ಹತ್ತಿರದ ಮನೆಗೆ ಸೇರಿಬಿಡುತ್ತದೆ. ಆದರೆ ಬೈಸಿಕೊಂಡ ಆ ಕಿರಿಯ ನರ್ಸಿಗೆ ಒಂದು ಒಳ್ಳೆ ಅಭ್ಯಾಸವಿತ್ತು. ನರ್ಸಿಂಗ್ ನೋಟ್ಸಿನಲ್ಲಿ ಗಂಟೆ-ನಿಮಿಷ ಸಮೇತ ಬರೆಯುತ್ತಿದ್ದಳು. "10.05ಕ್ಕೆ ಇಂಜೆಕ್ಷನ್, ಫ್ಲಶ್. 10.40ಕ್ಕೆ ಚಳಿ." ಅವಳ ಬರಹ ಇಲ್ಲದಿದ್ದರೆ ಈ ಪ್ರಕರಣ ಬಿಡಿಸಲು ಆಗುತ್ತಿರಲಿಲ್ಲ.

ಎಲ್ಲ ಚಾರ್ಟು ಸೇರಿಸಿ ಒಂದು ಹಾಳೆಯಲ್ಲಿ ಬರೆದೆವು. ನಾಲ್ಕು ರೋಗಿಗಳು, ಎಂಟು ನಡುಕ. ಬೆಳಿಗ್ಗೆ 6ರ ಡೋಸ್ ಆದ ಮೇಲೆ ಐದು. ರಾತ್ರಿ 10ರ ಡೋಸ್ ಆದ ಮೇಲೆ ಮೂರು. ಹಗಲು 10ಕ್ಕೂ 2ಕ್ಕೂ ಸಂಜೆ 6ಕ್ಕೂ ಒಂದೂ ಇಲ್ಲ. ಎಲ್ಲವೂ ಇಂಜೆಕ್ಷನ್ ಅಥವಾ ಫ್ಲಶ್ ಆಗಿ ಒಂದು ಗಂಟೆಯೊಳಗೆ.

ನಾಲ್ಕನೆಯ ರೋಗಿಯೇ ಗಂಟು ಬಿಚ್ಚಿದವನು. ಹರ್ನಿಯಾ ಆಪರೇಷನ್ ಆದ ಬೋಟಿನ ಕೆಲಸದ ಯುವಕ. ಇಂಜೆಕ್ಷನ್‌ಗಳೆಲ್ಲ ಮುಗಿದು ಮಾತ್ರೆಗೆ ಬಂದಿದ್ದ. ಕ್ಯಾನುಲಾ ಮಾತ್ರ "ಇರಲಿ" ಅಂತ ಬಿಟ್ಟಿದ್ದರು. ಕಟ್ಟಿಕೊಳ್ಳದಿರಲಿ ಅಂತ ಬೆಳಿಗ್ಗೆ, ರಾತ್ರಿ ಫ್ಲಶ್ ಅಷ್ಟೇ. ಅವನಿಗೆ ಜ್ವರ ಬರುವ ಕಾಯಿಲೆ ಇಲ್ಲ, ಗಾಯ ಒಣಗಿತ್ತು, ಆ್ಯಂಟಿಬಯಾಟಿಕ್ ಇಲ್ಲ. ಆದರೂ ಬೆಳಿಗ್ಗೆ ಆರೂವರೆಗೆ ಮಂಚ ಅಲ್ಲಾಡುವಷ್ಟು ನಡುಕ. ಅವನ ತಾಯಿ ಇನ್‌ಚಾರ್ಜ್ ಸಿಸ್ಟರ್‌ಗೆ ಮೊದಲೇ ಹೇಳಿದ್ದರಂತೆ: "ಆ ನೀರು ಬಿಟ್ಟ ಮೇಲೇ ಚಳಿ ಬರ್ತದೆ ನೋಡಿ ತಂಗಿ." ರೋಗಿ ಕಡೆಯವರ ಮಾತು ಅಂತ ಅದು ಚಾರ್ಟಿಗೆ ಏರಿರಲಿಲ್ಲ.

ಈ ನಾಲ್ವರಿಗೂ ಸಮಾನವಾದದ್ದು ಏನು ಅಂತ ಕೇಳಿಕೊಂಡರೆ ಉಳಿಯುವುದು ಒಂದೇ, ಟ್ರಾಲಿ ಮೇಲಿನ ಬಾಟಲಿ. ಬೆಳಿಗ್ಗೆ 8ಕ್ಕೆ ತೆಗೆದದ್ದು ರಾತ್ರಿ 10ಕ್ಕೆ ಹದಿನಾಲ್ಕು ಗಂಟೆ ಹಳೆಯದು. ಬೆಳಿಗ್ಗೆ 6ಕ್ಕೆ ಇಪ್ಪತ್ತೆರಡು ಗಂಟೆ. ಸಲೈನಿನಲ್ಲಿ ಬ್ಯಾಕ್ಟೀರಿಯಾ ತಡೆಯುವ ಸಂರಕ್ಷಕ ಏನೂ ಇರುವುದಿಲ್ಲ. ಬರೀ ಉಪ್ಪುನೀರಿನಲ್ಲಿ ಏನು ಬೆಳೆದೀತು ಅಂತ ನಮಗೆ ಅನಿಸುತ್ತದೆ. ಆದರೆ ಬುರ್ಖೋಲ್ಡೇರಿಯಾ, ಸ್ಯೂಡೊಮೊನಾಸ್ ಥರದವು ಅಂಥ ದ್ರವದಲ್ಲೂ ಬೆಳೆಯುತ್ತವೆ. ನಮ್ಮ ಕರಾವಳಿಯ ಸೆಕೆ ಅವಕ್ಕೆ ಇನ್ನೂ ಅನುಕೂಲ. ಚುಚ್ಚಿಟ್ಟ ಸೂಜಿ ದಿನವಿಡೀ ತೆರೆದ ಬಾಗಿಲು.

ಇನ್ನೂ ಒಂದು ಕಸಿವಿಸಿಯ ಸಂಗತಿ ಚಾರ್ಟಿನಲ್ಲೇ ಇತ್ತು. ನಡುಕ ಬಂದಾಗ ಕೊಟ್ಟ ಅವಿಲ್, ಹೈಡ್ರೊಕಾರ್ಟಿಸೋನನ್ನೂ ಅದೇ ಕ್ಯಾನುಲಾದಿಂದ ಕೊಟ್ಟು, ಅದೇ ಬಾಟಲಿಯಿಂದ ಫ್ಲಶ್ ಮಾಡಿದ್ದರು.

ರಿಪೋರ್ಟಿಗೆ ಕಾಯಬೇಕೇ

ಆ ಮಧ್ಯಾಹ್ನ ಡಾಕ್ಟರ್, ಇನ್‌ಚಾರ್ಜ್ ಸಿಸ್ಟರ್ ಮತ್ತು ನಾನು ಕೂತೆವು.

"ಬ್ಲಡ್ ಕಲ್ಚರ್ ರಿಪೋರ್ಟ್ ಬರಲಿ ಸಿಸ್ಟರ್. ಸುಮ್ನೆ ಗಾಬರಿ ಮಾಡೋದು ಬೇಡ" ಅಂದರು ಡಾಕ್ಟರ್. ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಅಂತ ನೋಡುವ ಪರೀಕ್ಷೆ ಅದು.

"ರಿಪೋರ್ಟ್ ಬರೋಕೆ ಮೂರು ದಿನ ಬೇಕು ಸರ್. ಅಲ್ಲಿವರೆಗೆ ಬಾಟಲಿ ಇಟ್ಟುಕೊಂಡು ನಮಗೆ ಆಗಬೇಕಾದ್ದೇನು? ತೆಗೆದರೆ ಏನು ಹೋಗ್ತದೆ?" ಇನ್‌ಚಾರ್ಜ್ ಸಿಸ್ಟರ್ ಕೇಳಿದರು.

ಡಾಕ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ಈ ಪ್ರಶ್ನೆಯ ಧಾಟಿ ನನಗೆ ತುಂಬ ಹಿಡಿಸಿತು. ಕಾರಣ ಸಾಬೀತಾಗಿದೆಯೇ ಅಂತ ಅವರು ಕೇಳಲಿಲ್ಲ. ತಪ್ಪಾಗಿ ತೆಗೆದರೆ ಎಷ್ಟು ನಷ್ಟ, ತಪ್ಪಾಗಿ ಬಿಟ್ಟರೆ ಎಷ್ಟು ನಷ್ಟ ಅಂತ ತೂಗಿ ನೋಡಿದರು.

ಒಂದು ಕಡೆ ಎಡವಟ್ಟಾಯಿತು. ಬಾಟಲಿ ನಿಲ್ಲಿಸಿ ಅಂದದ್ದೇ ತಡ, ಆಯಾ ಟ್ರಾಲಿಯನ್ನೆಲ್ಲ ತಿಕ್ಕಿ ತೊಳೆದು, ಬಾಟಲಿಯನ್ನು ಕೆಂಪು ಚೀಲಕ್ಕೆ ಹಾಕಿಬಿಟ್ಟಿದ್ದರು. ನಾನು ಕೇಳುವಷ್ಟರಲ್ಲಿ ಜೈವಿಕ ತ್ಯಾಜ್ಯದ ಗಾಡಿ ಬಂದು ಹೋಗಿತ್ತು. ಅವರದ್ದೇನೂ ತಪ್ಪಿಲ್ಲ. ಅದನ್ನು ಎತ್ತಿಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅನುಮಾನ ಬಂದ ಬಾಟಲಿ, ಸೆಟ್, ಸಿರಿಂಜನ್ನು ಮುಚ್ಚಿ, ಹೆಸರು-ಸಮಯ ಬರೆದು, ಪಕ್ಕಕ್ಕಿಟ್ಟು ಲ್ಯಾಬಿನವರನ್ನು ಕೇಳಬೇಕು. ಸ್ವಚ್ಛ ಮಾಡುವುದು ಆಮೇಲೆ.

ಮತ್ತೆ ಬ್ಲಡ್ ಕಲ್ಚರ್ ತೆಗೆದೆವು. ಈ ಸಲ ಎರಡು ಬೇರೆ ಜಾಗದಿಂದ, ಮುಂದಿನ ಆ್ಯಂಟಿಬಯಾಟಿಕ್ ಡೋಸಿಗೂ ಮೊದಲು, ಹಳೆಯ ಕ್ಯಾನುಲಾದಿಂದ ಎಳೆಯದೆ. ಸ್ಯಾಂಪಲ್ ಬೇರೆ ಊರಿನ ಲ್ಯಾಬಿಗೆ ಬಸ್ಸಿನಲ್ಲಿ ಹೋಗಬೇಕಿತ್ತು. ಕಲ್ಚರ್ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಬಾರದು ಅನ್ನುವುದನ್ನು ಕಂಡಕ್ಟರ್‌ಗೂ ಹೇಳಿ ಕಳಿಸಿದೆವು. ನಾಲ್ವರಲ್ಲಿ ಇಬ್ಬರ ರಕ್ತದಲ್ಲಿ ಬುರ್ಖೋಲ್ಡೇರಿಯಾ ಸೆಪೇಶಿಯಾ ಗುಂಪಿನ ಬ್ಯಾಕ್ಟೀರಿಯಾ ಬಂತು. ಇಬ್ಬರದ್ದೂ ಒಂದೇ ಥರದ ಔಷಧಿಗಳಿಗೆ ಬಗ್ಗುವಂಥದ್ದು. ಗದ್ದೆಯ ಇಲಿಜ್ವರದವರಿಗೂ ಕಾಲಿನ ಹುಣ್ಣಿನವರಿಗೂ ಅವರವರ ಕಾಯಿಲೆಯಿಂದಲೇ ಈ ಒಂದೇ ಬ್ಯಾಕ್ಟೀರಿಯಾ ಬರಲು ಕಾರಣ ಇಲ್ಲ. ಕ್ಯಾನುಲಾ ತೆಗೆದು, ಔಷಧಿ ಬದಲಿಸಿದರು. ನಾಲ್ವರೂ ಗುಣವಾಗಿ ಮನೆಗೆ ಹೋದರು. ಅಜ್ಜನಿಗೆ ಮಾತ್ರ ಜಾಸ್ತಿ ದಿನ ಹಿಡಿಯಿತು.

ಬ್ಯಾಕ್ಟೀರಿಯಾ ಬಾಟಲಿಗೆ ಎಲ್ಲಿಂದ ಬಂತು ಅನ್ನುವುದು ಕೊನೆಗೂ ಗೊತ್ತಾಗಲಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಸ್ಪಿರಿಟ್ ಹತ್ತಿ ನೆನೆಸಿಡುವ ಅಭ್ಯಾಸವಿತ್ತು. ಅದನ್ನು ಮಾಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಇಂಜೆಕ್ಷನ್ ಮಾರ್ಗಸೂಚಿಯೇ ಹೇಳುತ್ತದೆ. ಡಬ್ಬಿಯ ಹತ್ತಿಯನ್ನೂ ಲ್ಯಾಬಿಗೆ ಕಳಿಸಿದೆವು. ಏನೂ ಬೆಳೆಯಲಿಲ್ಲ. ಡಬ್ಬಿಯನ್ನು ಆದರೂ ತೆಗೆಸಿದೆವು. ಬಾಟಲಿ ಹೋದ ದಿನದಿಂದ ನಡುಕ ನಿಂತಿತು ಅನ್ನುವುದೇ ನಮ್ಮ ಕೈಯಲ್ಲಿರುವ ದೊಡ್ಡ ಸಾಕ್ಷಿ.

ಪರಿಹಾರದೊಳಗಿನ ತೊಂದರೆ

ಆಂಪೂಲ್ ಬಂತು. ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಒಂದು ರಾತ್ರಿ ರೌಂಡಿಗೆ ಹೋದಾಗ ಕಿಡ್ನಿ ಟ್ರೇಯಲ್ಲಿ ಸಾಲಾಗಿ ಹತ್ತು ತುಂಬಿದ ಸಿರಿಂಜ್ ಕಂಡವು. ಮೇಲೆ ಏನೂ ಬರೆದಿಲ್ಲ. ಕೇಳಿದರೆ ರಾತ್ರಿ ನರ್ಸ್, "ಒಬ್ಬಳೇ ಮೇಡಂ. 6ರ ಡೋಸಿಗೆ ಒಂದೊಂದೇ ಒಡೆಯುತ್ತಾ ಕೂತರೆ 8 ಗಂಟೆ ಆಗ್ತದೆ. ಅದಕ್ಕೇ ಮೊದಲೇ ತುಂಬಿಟ್ಟೆ" ಅಂದರು.

ಅವರ ಮಾತು ನಿಜ. ಆದರೆ ಇದು ಬಾಟಲಿಗಿಂತ ದೊಡ್ಡ ಅಪಾಯ. ಅದೇ ಟ್ರಾಲಿಯ ಕೆಳ ಅರೆಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ಇದ್ದವು. ಅದೂ 10 ಎಂಎಲ್, ಅದೂ ನೀರಿನ ಹಾಗೆ ತಿಳಿ. ಬೆರೆಸದೆ ನೇರ ನರಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಹೆಸರಿಲ್ಲದ ಸಿರಿಂಜಿನಲ್ಲಿ ಯಾವುದು ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪೊಟ್ಯಾಸಿಯಂ ಅನ್ನು ಆ ರಾತ್ರಿಯೇ ವಾರ್ಡಿನಿಂದ ತೆಗೆದು ಬೀಗದ ಕಪಾಟಿಗೆ ಹಾಕಿದೆವು. ಫ್ಲಶ್ ರೋಗಿಯ ಪಕ್ಕದಲ್ಲೇ, ಕೊಡುವ ಮುಂಚೆ ತುಂಬಬೇಕು ಅಂತ ಆಯಿತು. ಕೈಯಿಂದ ಕೆಳಗಿಡುವ ಸಿರಿಂಜಿಗೆ ಹೆಸರು ಬರೆಯದೆ ಇಡುವಂತಿಲ್ಲ.

ಆದರೆ ಆ ನರ್ಸಿನ ಸಮಯದ ಪ್ರಶ್ನೆ ಹಾಗೇ ಉಳಿಯಿತು. ನಿಯಮ ಹೇಳಿ ಬಂದರೆ ಸಮಯ ಹುಟ್ಟುವುದಿಲ್ಲ. ಮರುದಿನ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಎಣಿಸಿದೆವು. ಹದಿನೈದು ಜನರ ಕೈಯಲ್ಲಿ ಕ್ಯಾನುಲಾ. ಅದರಲ್ಲಿ ಆರು ಜನರಿಗೆ ನರದ ಮೂಲಕ ಕೊಡುವ ಔಷಧಿ ಒಂದೂ ಇರಲಿಲ್ಲ! ಎಲ್ಲ "ಇರಲಿ" ಅಂತ ಬಿಟ್ಟದ್ದು. ಡಾಕ್ಟರಿಗೆ ಇದಕ್ಕೊಂದು ಕಾರಣವಿತ್ತು. ಮಳೆ ರಾತ್ರಿ, ಕರೆಂಟ್ ಇಲ್ಲದ ಹೊತ್ತು, ನರ ಸಿಗದಿದ್ದರೆ ಏನು ಮಾಡುವುದು? ಮಾತಾಡಿ ಒಂದು ಮಧ್ಯದ ದಾರಿ ಹಿಡಿದೆವು. ಎದೆನೋವು, ಫಿಟ್ಸ್, ರಕ್ತಸ್ರಾವದ ಭಯ ಇರುವವರಿಗೆ ಇರಲಿ. ಉಳಿದವರಿಗೆ ಒಂದು ದಿನ ನರದ ಔಷಧಿ ಇಲ್ಲ ಅಂದರೆ ತೆಗೆಯುವುದು. ಬೆಳಗಿನ ರೌಂಡಿನಲ್ಲಿ ನರ್ಸೇ ಕೇಳಬೇಕು: "ಸರ್, ಈ ಸೂಜಿ ಇವತ್ತು ಬೇಕಾ?"

ಇಡೀ ಪ್ರಕರಣದಲ್ಲಿ ಜಾಸ್ತಿ ಕೆಲಸ ಮಾಡಿದ್ದು ಈ ಪ್ರಶ್ನೆ. ಇಲ್ಲದ ಕ್ಯಾನುಲಾಕ್ಕೆ ಫ್ಲಶ್ ಬೇಡ, ಸೋಂಕೂ ತಗಲದು. ರಾತ್ರಿ ನರ್ಸಿಗೆ ಬೆಳಗಿನ ಹೊತ್ತು ಉಸಿರಾಡಲು ಜಾಗ ಸಿಕ್ಕಿತು. ಉಳಿದ ಕ್ಯಾನುಲಾಗಳ ಬಾಯನ್ನು ಸ್ಪಿರಿಟ್‌ನಿಂದ ಹದಿನೈದು ಸೆಕೆಂಡ್ ತಿಕ್ಕಿ ಒಣಗಲು ಬಿಡುವಷ್ಟು ವ್ಯವಧಾನ ಬಂತು. ಆಂಪೂಲಿನ ಖರ್ಚನ್ನು ಹಾಸಿಗೆ ಬಾಡಿಗೆಯೊಳಗೆ ಸೇರಿಸಿ, ಬೇರೆ ಬಿಲ್ ಮಾಡುವುದನ್ನು ನಿಲ್ಲಿಸಿದರು. ಕಾಳಜಿಯಿಂದ ಹುಟ್ಟಿದ ಅಡ್ಡದಾರಿ ಮುಚ್ಚಬೇಕಾದರೆ ಆ ಕಾಳಜಿಗೆ ಇನ್ನೊಂದು ದಾರಿ ಕೊಡಬೇಕಲ್ವಾ?

ಹೇಳಬೇಕೇ, ಬೇಡವೇ

ಎಲ್ಲ ಮುಗಿಯಿತು ಅಂದುಕೊಂಡಾಗ ಒಬ್ಬ ನರ್ಸ್ ಮಾತಿನ ಮಧ್ಯೆ ಹೇಳಿದರು: "ಸಿರಿಂಜ್ ಏನೂ ಕಾಮನ್ ಮಾಡ್ತಿರಲಿಲ್ಲ ಮೇಡಂ. ಅವರವರ ಸಿರಿಂಜ್ ಅವರವರ ತಲೆದಿಸೆಯಲ್ಲೇ ಇಡ್ತಿದ್ವಿ. ದಿನವಿಡೀ ಅದೇ."

ಕೇಳಿದಾಗ ಶಿಸ್ತು ಅನಿಸುತ್ತದೆ. ಆದರೆ ಫ್ಲಶ್ ಮಾಡುವಾಗ ಸಿರಿಂಜಿನ ತುದಿಗೆ ರಕ್ತ ತಾಗುತ್ತದೆ, ಕೆಲವೊಮ್ಮೆ ಕಣ್ಣಿಗೆ ಕಾಣದಷ್ಟು. ಅದೇ ತುದಿ ಮತ್ತೆ ಎಲ್ಲರ ಬಾಟಲಿಯ ಸೂಜಿಗೆ ಹೋಗಿ ಸೇರುತ್ತದೆ. ಸಿರಿಂಜ್ ಬೇರೆ ಬೇರೆ ಇದ್ದರೂ ಬಾಟಲಿ ಮೂಲಕ ಒಬ್ಬರ ರಕ್ತ ಇನ್ನೊಬ್ಬರಿಗೆ ದಾಟಬಹುದು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕುತ್ತದೆ. ಹೀಗಾಗಿ ವಿಷಯ ನಾಲ್ವರಿಗೆ ನಿಲ್ಲಲಿಲ್ಲ. ಆ ದಿನಗಳಲ್ಲಿ ವಾರ್ಡಿನಲ್ಲಿ ಕ್ಯಾನುಲಾ ಇದ್ದ ಎಲ್ಲರದ್ದೂ ಆಯಿತು.

ಆಡಳಿತದವರಿಗೆ ಭಯ. ಸಣ್ಣ ಊರು, ಸುದ್ದಿ ಸಂಜೆಯೊಳಗೆ ಬಸ್ ಸ್ಟ್ಯಾಂಡ್ ಮುಟ್ಟುತ್ತದೆ. ಯಾರಿಗೂ ಏನೂ ಆಗಿಲ್ಲವಲ್ಲ, ಸುಮ್ಮನಿರೋಣ ಅನ್ನುವವರೂ ಇದ್ದರು. ಎರಡು ದಿನ ಚರ್ಚೆ ನಡೆಯಿತು. ಕೊನೆಗೆ ಡಾಕ್ಟರೇ, "ನನ್ನ ತಾಯಿ ಆ ಹಾಸಿಗೆಯಲ್ಲಿ ಇದ್ದಿದ್ದರೆ ನನಗೆ ಗೊತ್ತಾಗಬೇಕಿತ್ತು" ಅಂದು ತೀರ್ಮಾನಿಸಿದರು. ಒಬ್ಬೊಬ್ಬರನ್ನೇ ಕರೆದು, ಅಪಾಯ ಕಡಿಮೆ ಆದರೂ ಇಲ್ಲ ಅನ್ನಲಾಗದು ಅಂತ ಬಿಡಿಸಿ ಹೇಳಿ, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆ ಆಸ್ಪತ್ರೆ ಖರ್ಚಿನಲ್ಲಿ ಮಾಡಿಸಿದರು. ಈ ಎರಡು ಹೆಪಟೈಟಿಸ್ ಹೊರಗೆ ಕಾಣಿಸಿಕೊಳ್ಳಲು ಆರು ತಿಂಗಳವರೆಗೂ ಹಿಡಿಯಬಹುದು. ಅದಕ್ಕೇ ಆರು ತಿಂಗಳಿಗೆ ಮತ್ತೊಮ್ಮೆ ಬರಲು ಹೇಳಿದರು.

ಕೆಲವರು ಕೂಗಾಡಿದರು. ಅದು ಅವರ ಹಕ್ಕು. ಹೆಚ್ಚಿನವರು ಕೇಳಿದ್ದು ಎರಡೇ ಪ್ರಶ್ನೆ: ಮನೆಯವರಿಗೆ ಅಂಟುತ್ತದಾ, ಪರೀಕ್ಷೆಗೆ ದುಡ್ಡು ಎಷ್ಟು? ಹರ್ನಿಯಾ ಹುಡುಗನ ತಾಯಿಗೆ ಇನ್‌ಚಾರ್ಜ್ ಸಿಸ್ಟರ್ ಪ್ರತ್ಯೇಕವಾಗಿ, "ನೀವು ಹೇಳಿದ್ದು ಸರಿಯಿತ್ತು ಅಮ್ಮ, ನಾವು ಆವತ್ತೇ ಬರೆದುಕೊಳ್ಳಬೇಕಿತ್ತು" ಅಂದರು. ಈಗ ಆ ವಾರ್ಡಿನ ನೋಟ್ಸಿನಲ್ಲಿ ರೋಗಿ ಕಡೆಯವರು ಹೇಳಿದ್ದಕ್ಕೆ ಒಂದು ಸಾಲು ಬಿಟ್ಟಿರುತ್ತಾರೆ. ಬೈಸಿಕೊಂಡ ಕಿರಿಯ ನರ್ಸಿನ ಹತ್ತಿರವೂ ಎಲ್ಲರ ಎದುರು ತಪ್ಪಾಯಿತು ಅಂದರು. ಅವಳು ಆ ಆಸ್ಪತ್ರೆಯಲ್ಲೇ ಇದ್ದಾಳೆ. ಹೊಸಬರಿಗೆ ಚಾರ್ಟ್ ಬರೆಯುವುದನ್ನು ಹೇಳಿಕೊಡುವುದು ಈಗ ಅವಳ ಕೆಲಸ.

ಮೊದಲ ಸುತ್ತಿನಲ್ಲಿ ಬಂದವರ ವರದಿ ಚೆನ್ನಾಗಿತ್ತು. ಎರಡನೆಯ ಸುತ್ತಿಗೆ ಬಂದವರದ್ದೂ ಅಷ್ಟೇ. ಆದರೆ ಎಲ್ಲರೂ ಬರಲಿಲ್ಲ. ಆಗಸ್ಟ್ 1ಕ್ಕೆ ಬೋಟುಗಳು ಹೊರಟ ಮೇಲೆ ಕೆಲವರು ಮಲ್ಪೆಗೆ, ಗೋವಾಕ್ಕೆ ಹೋದರು. ಫೋನ್ ನಂಬರ್ ಬದಲಾಗಿತ್ತು. ಮುಂದಿನ ನಿಷೇಧದ ಕಾಲಕ್ಕೆ ಅವರು ಊರಿಗೆ ಬಂದೇ ಬರುತ್ತಾರೆ ಅಂತ ಇನ್‌ಚಾರ್ಜ್ ಸಿಸ್ಟರ್ ಪಟ್ಟಿ ಇಟ್ಟುಕೊಂಡರು. ಜೂನ್ ಮೊದಲ ವಾರ ಆಶಾ ಕಾರ್ಯಕರ್ತೆಯರ ಮೂಲಕ, ಕಾರಣ ಬಾಯಿಬಿಡದೆ, ಆಸ್ಪತ್ರೆಗೆ ಒಮ್ಮೆ ಬಂದು ಹೋಗಿ ಅಂತಷ್ಟೇ ಹೇಳಿ ಕಳಿಸಿದರು. ಉಳಿದವರಲ್ಲಿ ಅರ್ಧದಷ್ಟು ಜನ ಹಾಗೆ ಬಂದರು.